ಕೆಳಗಿನ ಹೊಲದ ಪವಾಡ

ನಮ್ಮೂರು ಸಾಂತಾ ಇನೆಸ್‌ನಲ್ಲಿ ಜೋಳ ರುಬ್ಬುವ ಮಿಲ್ಲು ನನ್ನದು. ಬೆಳಿಗ್ಗೆ ಆರಕ್ಕೆಲ್ಲ ಹೆಂಗಸರು ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಬಕೆಟ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಜೋಳ ಹಿಟ್ಟಾಗುವಷ್ಟರಲ್ಲಿ ಊರ ಸುದ್ದಿಯೂ ನುಣ್ಣಗಾಗಿರುತ್ತದೆ. ಕ್ರಿಸಾಂತಾಳ ಪವಾಡ ಹುಟ್ಟಿದ್ದು ನನ್ನ ಮಿಲ್ಲಿನ ಜಗಲಿಯಲ್ಲೇ, ಅದಕ್ಕೆ ಕೈಕಾಲು ಬಂದದ್ದೂ ಅಲ್ಲೇ. ಅದರ ಒಳಗುಟ್ಟು ಮಾತ್ರ ಉಳಿದವರ ಜೊತೆಗೇ ನನಗೂ ಗೊತ್ತಾಯಿತು. ಅವಳು ನನ್ನ ಚಿಕ್ಕಪ್ಪನ ಮಗಳು. ನನ್ನಿಂದಲೂ ಮುಚ್ಚಿಟ್ಟಳಲ್ಲ ಎಂದು ಆ ಮೇಲೆ ಒಂದು ವಾರ ಅವಳ ಜೋಳವನ್ನು ತರಿತರಿಯಾಗಿಯೇ ರುಬ್ಬಿಕೊಟ್ಟೆ.

ಕ್ರಿಸಾಂತಾಳ ಹೊಲ ಮಾಲಿಂಚೆ ಬೆಟ್ಟದ ಇಳಿಜಾರಿನಲ್ಲಿ, ದಾರಿಯ ಪಕ್ಕಕ್ಕೇ ಇದೆ. ಅದರ ಮೇಲಿನ ಹೊಲ ದೊನ್ ಫಿದೆನ್ಸಿಯೊನದು. ಅವನ ಕೊನೆಯ ಮಗಳಿಗೆ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು ಕ್ರಿಸಾಂತಾ. ಅಂದಿನಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ನಮ್ಮಲ್ಲಿ ಈ ನಂಟು ರಕ್ತಸಂಬಂಧಕ್ಕಿಂತ ಒಂದು ಕೈ ಹೆಚ್ಚು. ಬೈದಾಡಬೇಕೆಂದರೂ ಬಹುವಚನದಲ್ಲೇ ಬೈಯಬೇಕು.

ಫಿದೆನ್ಸಿಯೊ ಕೈ ದೊಡ್ಡ ಮನುಷ್ಯ. ಮದುವೆಯಲ್ಲಿ ಬಡಿಸಲು ನಿಂತರೂ ತಟ್ಟೆಯಿಂದ ಹೊರಗೆ ಬೀಳುವಂತೆ ಬಡಿಸುವವನು. ಗೊಬ್ಬರದ ವಿಷಯದಲ್ಲೂ ಅಷ್ಟೇ. ಅರ್ಧ ಹೆಕ್ಟೇರಿನ ಹೊಲಕ್ಕೆ ಆರು ಮೂಟೆ ಯೂರಿಯಾ ತರುತ್ತಿದ್ದ. ಜೂನ್ ತಿಂಗಳಲ್ಲಿ ಪೈರು ಮೊಣಕಾಲೆತ್ತರ ಬರುತ್ತಲೇ, ಮೋಡ ಕವಿದದ್ದು ನೋಡಿ, ಒಂದೇ ದಿನ ಆರೂ ಮೂಟೆ ಬಿಚ್ಚಿ, ಕೋಳಿಗಳಿಗೆ ಕಾಳು ಚೆಲ್ಲುವ ಹಾಗೆ ಸಾಲಿನ ಮೇಲೆ ಎರಚುತ್ತ ಹೋಗುತ್ತಿದ್ದ. ಮಣ್ಣು ಮುಚ್ಚುವುದು, ಗಿಡದ ಬುಡ ನೋಡುವುದು ಅವನಿಗೆ ಜಿಪುಣರ ಕೆಲಸ. ಸಂಜೆ ನಮ್ಮ ಜಗಲಿಗೆ ಬಂದು ಕೂತು, ಈ ವರ್ಷವೂ ಹೊಲಕ್ಕೆ ಹೊಟ್ಟೆ ತುಂಬ ಉಣ್ಣಿಸಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಅಷ್ಟರಲ್ಲಿ ಬೆಟ್ಟದ ಮೇಲಿನಿಂದ ಮಳೆ ಇಳಿದುಬರುತ್ತಿತ್ತು.

ಆ ಮಳೆ ಅವನ ಹೊಲದಲ್ಲಿ ನಿಲ್ಲುತ್ತಿರಲಿಲ್ಲ.

ಗುಟ್ಟು ಬಯಲಾಗುವುದಕ್ಕೆ ಹನ್ನೊಂದು ವರ್ಷ ಮೊದಲು ಒಂದು ಸಲ ಕ್ರಿಸಾಂತಾಳಿಗೆ ಗೊಬ್ಬರ ಸಿಗುವುದು ತಡವಾಯಿತು. ಮಂಡಿಯವನು ಇವತ್ತು ನಾಳೆ ಎಂದು ಸತಾಯಿಸುತ್ತಲೇ ಇದ್ದ. ಅವಳ ಗಂಡ ಲಾದಿಸ್ಲಾವೊ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುವವನು. ಊರೂರಿನ ಸಂತರ ಹಬ್ಬಗಳಿಗೆ ಹೋಗುತ್ತ ಮನೆಯಲ್ಲಿ ಇರುವುದೇ ಅಪರೂಪ. ಹೊಲವೆಲ್ಲ ಅವಳ ತಲೆಯ ಮೇಲೇ. ಬರಿಗೈಯಲ್ಲಿ ಹೊಲಕ್ಕೆ ಹೋಗಿ ನೋಡಿದರೆ, ಮೇಲಿನ ಬದುವಿಗೆ ಅಂಟಿದ ಇಪ್ಪತ್ತು ಸಾಲು ಕಡುಹಸಿರು ಬಣ್ಣಕ್ಕೆ ತಿರುಗಿ ನಿಂತಿದ್ದವು. ಅವಳು ಬದುವಿನ ಉದ್ದಕ್ಕೂ ನಡೆದಳು. ಹಿಂದಿನ ದಿನದ ಮಳೆಯ ನೀರು ಹರಿದ ಗೆರೆಯಲ್ಲಿ, ಕಲ್ಲಿನ ಸಂದಿಯಲ್ಲಿ, ಇನ್ನೂ ಕರಗದೆ ಉಳಿದ ನಾಲ್ಕಾರು ಬಿಳಿ ಕಾಳುಗಳಿದ್ದವು. ಒಂದನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದಳಂತೆ. ಆಮೇಲೆ ಮೇಲಿನ ಹೊಲದ ಕಡೆ ನೋಡಿ, ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಹೊಟ್ಟೆ ಹಿಡಿದು ನಕ್ಕಳಂತೆ.

ಮರುದಿನವೇ ಸಲಿಕೆ ಹಿಡಿದು ಬದುವನ್ನು ಮೂರು ಕಡೆ ಒಡೆದಳು. ಬರುವ ನೀರು ಓಡಿಹೋಗದೆ ನಿಧಾನವಾಗಿ ಅಡ್ಡಡ್ಡ ನಡೆಯುವಂತೆ ಮೀನಿನ ಮುಳ್ಳಿನ ಆಕಾರದಲ್ಲಿ ಸಣ್ಣ ಕಾಲುವೆ ತೋಡಿದಳು. ಕೇಳಿದವರಿಗೆ, ನೀರು ನಿಂತು ಬೇರು ಕೊಳೆಯಬಾರದೆಂದು ಹೀಗೆ ಮಾಡಿದ್ದೇನೆ ಎಂದಳು. ಆ ವರ್ಷದ ನಂತರ ಅವಳು ಒಂದು ಹಿಡಿ ಗೊಬ್ಬರವನ್ನೂ ಕೊಳ್ಳಲಿಲ್ಲ. ತೆನೆ ಮಾತ್ರ ಮೊಣಕೈ ಉದ್ದದ್ದು.

ಊರು ಸುಮ್ಮನಿರುತ್ತದೆಯೇ? ಹೊಲಕ್ಕೆ ಏನು ಹಾಕುತ್ತೀ ಎಂದು ಒಂದು ದಿನ ಮಿಲ್ಲಿನ ಸಾಲಿನಲ್ಲಿ ಯಾರೋ ಕೇಳಿದರು. ಕೊಂಪಾದ್ರೆಯದ್ದು ಹಾಕುತ್ತೇನೆ ಎಂದು ಹೇಳುವಂತಿಲ್ಲ. ಕ್ರಿಸಾಂತಾ ಬಕೆಟ್ ಕೆಳಗಿಟ್ಟು, ಕಣ್ಣು ಅರ್ಧ ಮುಚ್ಚಿ, "ನಂದೇನಿದೆ, ಎಲ್ಲಾ ಸಂತ ಇಸಿದ್ರೊ ನೋಡ್ಕೋತಾನೆ" ಅಂದಳು. ರೈತರ ಸಂತ ಅವನು. ಒಪ್ಪದಿರಲು ಯಾರಿಗೂ ಧೈರ್ಯವಿಲ್ಲ. ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ, ಅದಕ್ಕೆ ಅವಳು ಮನೆಯಲ್ಲಿದ್ದ ಮೊಳದುದ್ದದ ಮರದ ಇಸಿದ್ರೊನನ್ನು ಶನಿವಾರ ಶನಿವಾರ ಎತ್ತಿಕೊಂಡು, ಧೂಪ ಹಾಕುತ್ತ ಹೊಲ ಸುತ್ತಿಸತೊಡಗಿದಳು. ವರ್ಷ ಕಳೆದಂತೆ ಗರ್ಭಿಣಿಯರು, ಕರು ಹಾಕದ ಹಸುವಿನವರು, ಪರೀಕ್ಷೆಗೆ ಕೂರುವ ಮಕ್ಕಳು ಎಲ್ಲರೂ ಬಂದು ಆ ಸಂತನ ಪಾದ ಮುಟ್ಟಿಹೋಗುತ್ತಿದ್ದರು.

ಫಿದೆನ್ಸಿಯೊನಿಗೆ ಇದು ನುಂಗಲಾರದ ತುತ್ತಾಯಿತು. ಅವನ ಹೆಂಡತಿ ಲಿಯೊಬಾರ್ದಾಳ ಬಾಯಿ ಬೇರೆ ಚುರುಕು. ದಿನವೂ ರೊಟ್ಟಿ ತಟ್ಟುವಾಗ ಅದೇ ಮಾತು: "ಕೆಳಗಿನೋಳು ಬರೀ ಧೂಪ ಹಾಕಿ ಬೆಳೀತಾಳೆ. ನೀವು ಮೂಟೆ ಹೊತ್ತು ಸೊಂಟ ಮುರ್ಕೊಂಡು ಹುಳ ತಿಂದ ತೆನೆ ತರ್ತೀರಿ. ಸಂತನಿಗೂ ನಿಮ್ಮ ಮುಖ ಕಂಡ್ರೆ ಆಗಲ್ವೋ ಏನೋ."

ಸರ್ಕಾರದ ಕೃಷಿ ಇಂಜಿನಿಯರ್ ಮಾರಿಸೆಲಾ ಎಂಬ ಹುಡುಗಿ ನಮ್ಮ ಊರಿಗೆ ಬಂದದ್ದು ಆ ಸಮಯದಲ್ಲೇ. ನನ್ನ ಮಿಲ್ಲಿನ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ, ಸೋಡಾ ಬಾಟಲಿಯ ಮುಚ್ಚಳವೊಂದನ್ನು ಎತ್ತಿ ತೋರಿಸಿದಳು. ಗುಣಿಗೆ ಇಷ್ಟೇ ಯೂರಿಯಾ ಸಾಕು, ಬುಡದಿಂದ ಗೇಣು ದೂರ ಹಾಕಿ, ಕಾಲಿನಿಂದ ಮಣ್ಣು ಮುಚ್ಚಿ, ಒಂದೇ ಸಲ ಹಾಕಬೇಡಿ, ಎರಡು ಕಂತು ಮಾಡಿ ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಫಿದೆನ್ಸಿಯೊ. ಮೆಕ್ಕೆಜೋಳಕ್ಕೆ ಊಟ ಹಾಕುತ್ತೀರೋ, ಮಗುವಿಗೆ ಕೆಮ್ಮಿನ ಔಷಧಿ ಕುಡಿಸುತ್ತೀರೋ ಎಂದು ಕೇಳಿದ. ಮಾರಿಸೆಲಾ ಮುಖ ಕೆಂಪಾಗಿ ಮುಚ್ಚಳಗಳನ್ನೆಲ್ಲ ಹಂಚಿ ಹೊರಟುಹೋದಳು. ಹೆಂಗಸರು ಆ ಮುಚ್ಚಳಗಳನ್ನು ಉಪ್ಪಿನ ಡಬ್ಬಿಗೆ ಹಾಕಿಕೊಂಡರು.

ಮುಂದಿನ ವರ್ಷ ಬಿತ್ತನೆ ಮುಗಿದ ವಾರ ಫಿದೆನ್ಸಿಯೊ ಟೋಪಿ ಕೈಯಲ್ಲಿ ಹಿಡಿದು ಕ್ರಿಸಾಂತಾಳ ಬಾಗಿಲಿಗೆ ಬಂದ. ಸಂತನನ್ನು ಈ ಹಂಗಾಮಿಗೆ ತನ್ನ ಮನೆಗೆ ಕಳಿಸಿಕೊಡಬೇಕೆಂದು ಕೇಳಿದ. ಕ್ರಿಸಾಂತಾಳಿಗೆ ಒಳಗೊಳಗೇ ನಗು. ಬಟ್ಟೆಯಲ್ಲಿ ಸುತ್ತಿ, ಮೂರ್ತಿಯ ಹಣೆಗೆ ಮುತ್ತಿಟ್ಟು ಕೊಟ್ಟಳು. ಅವನು ಸಂತನನ್ನು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲು ದಾಟಿದವನು ತಿರುಗಿ ನಿಂತ.

"ಇನ್ನೊಂದು ಮಾತು ಕೊಮಾದ್ರೆ. ಈ ವರ್ಷ ನಾನೂ ನಿಮ್ಮ ಹಾಗೇ. ಒಂದು ಹಿಡಿ ಗೊಬ್ಬರ ಹಾಕಲ್ಲ."

ಕ್ರಿಸಾಂತಾಳ ನಗು ಅಲ್ಲೇ ಒಣಗಿತು. ಅದೆಲ್ಲ ಬೇಡ ಎಂದಳು. ಹಾಗೆಲ್ಲ ಒಮ್ಮೆಗೇ ಬಿಡಬಾರದು, ಅಭ್ಯಾಸವಾದ ಹೊಲ, ಸ್ವಲ್ಪವಾದರೂ ಹಾಕಿ, ಮಾಮೂಲಿನಂತೆ ಆರು ಮೂಟೆ ಹಾಕಿದರೆ ಇನ್ನೂ ಒಳ್ಳೆಯದು ಎಂದಳು.

"ನೀವು ಹಾಕ್ತೀರಾ?" ಫಿದೆನ್ಸಿಯೊ ಕೇಳಿದ.

"ನನ್ನ ವಿಷಯ ಬೇರೆ."

"ಯಾಕೆ ಬೇರೆ? ಸಂತ ನಿಮ್ಮೊಬ್ಬರದೇನು? ಅರ್ಥ ಆಯ್ತು ಬಿಡಿ. ನನ್ನ ಹೊಲವೂ ಹಸಿರಾಗೋದು ನಿಮಗೆ ಬೇಡ."

"ಕೊಂಪಾದ್ರೆ, ನಿಮ್ಮ ಹೊಲಕ್ಕೆ ಗೊಬ್ಬರ ಬೀಳ್ಲಿ ಅಂತ ನನ್ನಷ್ಟು ಆಸೆ ಪಡೋರು ಈ ಊರಲ್ಲಿ ಯಾರೂ ಇಲ್ಲ," ಎಂದಳು ಕ್ರಿಸಾಂತಾ. ಜೀವನದಲ್ಲಿ ಅಷ್ಟು ಸತ್ಯವಾದ ಮಾತನ್ನು ಅವಳು ಆಡಿರಲಿಲ್ಲ. ಅವನು ನಂಬಲಿಲ್ಲ.

ಜೂನ್ ಬಂತು. ಮಳೆ ಚೆನ್ನಾಗಿಯೇ ಆಯಿತು. ಮೇಲಿನ ಹೊಲದಿಂದ ಕೆಳಗಿನ ಹೊಲಕ್ಕೆ ಬರೀ ನೀರು ಬಂತು. ಎರಡೂ ಹೊಲಗಳ ಪೈರು ಕಾಮಾಲೆಯಾದ ಹಾಗೆ ಬಿಳಿಚಿಕೊಂಡಿತು. ಬುಡದ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತ ಬಂದವು. ಫಿದೆನ್ಸಿಯೊ ಎದೆಗುಂದಲಿಲ್ಲ. ಸಂತ ಪರೀಕ್ಷೆ ಮಾಡುತ್ತಿದ್ದಾನೆ ಎಂದು, ಸಂತ ಯೋವಾನ್ನನ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ ಹೆಂಡತಿಯನ್ನೂ ಕರೆದುಕೊಂಡು ಹೊರಟ. ಬೆಳಿಗ್ಗೆ ಆರಕ್ಕೆ ಚರ್ಚಿಗೆ ಹೋದರೆ ಒಂಬತ್ತಕ್ಕೆ ಹೊರಗೆ. ಪಾದ್ರಿಗಳೇ ಬೇಸತ್ತು, ಮನೆಯಲ್ಲಿ ಕೆಲಸವಿಲ್ಲವೇ ಎಂದು ಕೇಳಿದರಂತೆ.

ಕ್ರಿಸಾಂತಾಳ ಸಂಕಟ ಕೇಳಬೇಡಿ. ಅವಳ ಹೊಲ ದಾರಿಯ ಪಕ್ಕ. ಮಿಲ್ಲಿಗೆ ಬರುವ ಅಷ್ಟೂ ಹೆಂಗಸರು ಅದನ್ನು ಹಾದೇ ಬರಬೇಕು. ಹನ್ನೊಂದು ವರ್ಷ ಸಂತನ ಹೆಸರು ಹೇಳಿದವಳು ಈಗ ಹಾಡುಹಗಲೇ ಗೊಬ್ಬರ ಚೆಲ್ಲುತ್ತ ನಿಂತರೆ ಊರು ಏನೆನ್ನುತ್ತದೆ? ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಫಿದೆನ್ಸಿಯೊನ ಹೊಲಕ್ಕೆ ಸುತ್ತಲೂ ಕತ್ತಾಳೆಯ ಬೇಲಿ. ಒಳಗೆ ಯಾರಿದ್ದರೂ ಹೊರಗಿನವರಿಗೆ ಕಾಣುವುದಿಲ್ಲ. ಅಲ್ಲಿ ಗೊಬ್ಬರ ಹಾಕಿಬಿಟ್ಟರೆ, ಮಳೆ ತನ್ನ ಅಭ್ಯಾಸದಂತೆ ತನಗೆ ಬೇಕಾದಷ್ಟನ್ನು ಕೆಳಗೆ ತಂದುಕೊಡುತ್ತದೆ. ಮೇಲಿನ ಹೊಲವೂ ಒಂದಿಷ್ಟು ಹಸಿರಾಗಿ ಸಂತನ ಮಾನ ಉಳಿಯುತ್ತದೆ.

ಗೊಬ್ಬರವನ್ನು ನಮ್ಮೂರ ಕಡೆಯ ಮಂಡಿಯಲ್ಲಿ ಕೊಳ್ಳುವಂತಿಲ್ಲ. ಬೆಟ್ಟದ ಆ ಬದಿಯ ಪೇಟೆಯಲ್ಲಿ ಗಂಡನ ಬ್ಯಾಂಡಿಗೆ ಒಂದು ಹಬ್ಬವಿತ್ತು. ಎಂದೂ ಹೋಗದವಳು ಅವತ್ತು ನಾನೂ ಬರುತ್ತೇನೆಂದು ಪಿಕಪ್ ಹತ್ತಿದಳು. ವಾಪಸು ಬರುವಾಗ ಲಾದಿಸ್ಲಾವೊನ ಡ್ರಮ್ಮು ಅವನ ತೊಡೆಯ ಮೇಲಿತ್ತು, ಡ್ರಮ್ಮಿನ ಪೆಟ್ಟಿಗೆಯಲ್ಲಿ ಎರಡು ಮೂಟೆ ಯೂರಿಯಾ ಇತ್ತು. ಇದೇನೆಂದು ಗಂಡ ಕೇಳಿದ್ದಕ್ಕೆ, ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ವಾರವೂ ನಿನಗೆ ರೊಟ್ಟಿ ಸಿಗುತ್ತದೆ ಎಂದಳಂತೆ. ಅವನು ಮಾತು ಕಡಿಮೆಯ ಮನುಷ್ಯ. ಮತ್ತೂ ಕಡಿಮೆ ಮಾಡಿದ.

ಒಂಬತ್ತು ದಿನದ ಪ್ರಾರ್ಥನೆ ಅವಳಿಗೆ ವರವಾಯಿತು. ಫಿದೆನ್ಸಿಯೊ ಚರ್ಚಿನಲ್ಲಿ ಮಂಡಿಯೂರಿದಾಗ ಇವಳು ಅವನ ಹೊಲದಲ್ಲಿ ಮಂಡಿಯೂರಿರುತ್ತಿದ್ದಳು. ಮೊದಲ ದಿನ ಅವನ ಹಾಗೆಯೇ ನಾಲ್ಕು ಹಿಡಿ ಎರಚಿ ನೋಡಿದಳು. ಕಪ್ಪು ಮಣ್ಣಿನ ಮೇಲೆ ಬಿಳಿ ಕಾಳು ಸಕ್ಕರೆ ಚೆಲ್ಲಿದ ಹಾಗೆ ಎದ್ದು ಕಾಣುತ್ತಿತ್ತು. ಮಧ್ಯಾಹ್ನ ಅವನು ಸಂತನನ್ನು ಎತ್ತಿಕೊಂಡು ಹೊಲ ಸುತ್ತಲು ಬಂದರೆ ಸಿಕ್ಕಿಬಿದ್ದ ಹಾಗೆಯೇ. ಬೇರೆ ದಾರಿ ಇರಲಿಲ್ಲ. ಗುಣಿಗೊಂದು ಕುಳಿ ಮಾಡಿ, ಒಂದಿಷ್ಟು ಹಾಕಿ, ಮಣ್ಣು ಮುಚ್ಚಿ, ಕಾಲಿನಿಂದ ಅದುಮಿದಳು. ಇದ್ದದ್ದು ಎರಡೇ ಮೂಟೆ, ಎಲ್ಲ ಕಡೆಗೂ ಸಾಲಬೇಕು. ಅದಕ್ಕೆ ಅಳತೆಗೆಂದು ಉಪ್ಪಿನ ಡಬ್ಬಿಯಲ್ಲಿದ್ದ ಮಾರಿಸೆಲಾಳ ಮುಚ್ಚಳವನ್ನು ತಂದುಕೊಂಡಳು. ಒಂಬತ್ತು ಬೆಳಗು ಸಾಲು ಹಿಡಿದು ಹೋದಳು. ಆ ದಿನಗಳಲ್ಲಿ ಅವಳು ಮಿಲ್ಲು ಮುಚ್ಚುವ ಹೊತ್ತಿಗೆ ಮೊಣಕಾಲಿನವರೆಗೆ ಮಣ್ಣು ಮಾಡಿಕೊಂಡು ಬರುತ್ತಿದ್ದಳು. ಕೇಳಿದರೆ, ಹರಕೆ ಅಕ್ಕ ಎನ್ನುತ್ತಿದ್ದಳು. ಮಣ್ಣು ಕೆದಕಿದ್ದನ್ನು ಫಿದೆನ್ಸಿಯೊ ನೋಡಿದ. ಹೆಗ್ಗಣದ ಕಾಟ ಎಂದುಕೊಂಡು ಎರಡು ಬೋನು ಇಟ್ಟ.

ಹದಿನೈದು ದಿನ ಕಳೆಯಿತು. ಮೇಲಿನ ಹೊಲ ಕಣ್ಣು ಕುಕ್ಕುವ ಹಾಗೆ ಹಸಿರಾಯಿತು. ಎಲೆಗಳು ಅಂಗೈಗಿಂತ ಅಗಲ, ಕಾಂಡ ನನ್ನ ಮಣಿಕಟ್ಟಿನಷ್ಟು ದಪ್ಪ. ಆರು ಮೂಟೆ ಹಾಕಿದ ಯಾವ ವರ್ಷವೂ ಅವನ ಪೈರು ಹಾಗೆ ನಿಂತಿರಲಿಲ್ಲ. ಕೆಳಗಿನ ಹೊಲ ಮಾತ್ರ ಹಳದಿಯಾಗಿಯೇ ಉಳಿಯಿತು. ಮಳೆ ದಿನವೂ ಬಂತು, ನೀರು ಕ್ರಿಸಾಂತಾಳ ಕಾಲುವೆಗಳಲ್ಲಿ ದಿನವೂ ಹರಿಯಿತು, ತನ್ನ ಜೊತೆ ಏನನ್ನೂ ತರಲಿಲ್ಲ. ಮಣ್ಣಿನೊಳಗೆ ಹೋದದ್ದು ಮಣ್ಣಿನೊಳಗೇ ಕೂತು ಬೇರಿಗೆ ಸೇರಿಬಿಟ್ಟಿತ್ತು. ಅವಳು ಬದುವಿನ ಮೇಲೆ ನಿಂತು ಎರಡೂ ಹೊಲಗಳನ್ನು ನೋಡಿ ತನಗೆ ತಾನೇ ಕೆಟ್ಟ ಮಾತಿನಲ್ಲಿ ಬೈದುಕೊಂಡಳು.

ಸಂತ ಮನೆ ಬದಲಿಸಿದ ಎಂದು ಊರೆಲ್ಲ ಸುದ್ದಿ. ಕರು ಹಾಕದ ಹಸುವಿನವರು ಈಗ ಬೆಟ್ಟ ಹತ್ತಿ ಫಿದೆನ್ಸಿಯೊನ ಮನೆಗೆ ಹೋಗತೊಡಗಿದರು. ಅವನು ಒಂದು ತಟ್ಟೆ ತಮಾಲ್ ಕಡುಬು ಹಿಡಿದುಕೊಂಡು ಕ್ರಿಸಾಂತಾಳನ್ನು ಸಮಾಧಾನಪಡಿಸಲು ಬಂದ. ಬೇಸರ ಮಾಡಿಕೊಳ್ಳಬೇಡಿ ಎಂದ. ನಿಮ್ಮ ಪ್ರಾರ್ಥನೆಯಲ್ಲಿ ಎಲ್ಲೋ ಲೋಪ ಬಂದಿರಬೇಕು, ಮನಸ್ಸು ಶುದ್ಧ ಮಾಡಿಕೊಳ್ಳಿ ಎಂದ. ಅವಳು ತಮಾಲ್ ತಿಂದಳು. ಅದು ಗಂಟಲಲ್ಲಿ ಇಳಿಯಲು ಮೂರು ಲೋಟ ನೀರು ಬೇಕಾಯಿತಂತೆ.

ಅಷ್ಟಕ್ಕೇ ನಿಂತಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಜುಲೈ ಎರಡನೇ ಭಾನುವಾರ ಫಿದೆನ್ಸಿಯೊ ತನ್ನ ಹೊಲದ ಅಂಚಿನಲ್ಲಿ ಸಂತನಿಗೆ ಕೃತಜ್ಞತೆಯ ಊಟ ಇಟ್ಟ. ಎರಡು ಟರ್ಕಿ ಕೋಳಿ ಬಿದ್ದವು. ಲಾದಿಸ್ಲಾವೊನ ಬ್ಯಾಂಡೂ ಬಂತು. ಪವಾಡದ ಸುದ್ದಿ ಕೇಳಿ ಮಾರಿಸೆಲಾ ಕೂಡ ಬಂದಿದ್ದಳು. ಅವಳು ಎಲೆಯೊಂದನ್ನು ಹಿಡಿದು ತಿರುವಿ ಮುರುವಿ ನೋಡಿ, ಇದು ಗೊಬ್ಬರ ತಿಂದ ಬಣ್ಣ, ಅದೂ ಸರಿಯಾಗಿ ತಿಂದದ್ದು ಎಂದಳು. ಹೌದು, ಸಂತನೇ ಕೈಯಾರೆ ತಿನ್ನಿಸಿದ್ದಾನೆ ಎಂದ ಫಿದೆನ್ಸಿಯೊ. ಅಷ್ಟೇ ಅಲ್ಲ, ಎದ್ದು ನಿಂತು ಭಾಷಣವನ್ನೇ ಮಾಡಿದ. ಇನ್ನು ನಮ್ಮ ಇಳಿಜಾರಿನಲ್ಲಿ ಯಾರೂ ಗೊಬ್ಬರ ಕೊಳ್ಳಬೇಕಿಲ್ಲ, ನಂಬಿಕೆ ಇದ್ದರೆ ಸಾಕು ಎಂದ. ಊರಲ್ಲಿ ಹೆಚ್ಚಿನವರು ಮೇಲುಗೊಬ್ಬರ ಹಾಕುವ ವಾರ ಅದು. ನನ್ನ ಅಣ್ಣ ಎದ್ದು, ನಾನೂ ಹಾಕುವುದಿಲ್ಲ ಎಂದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ನೋಡನೋಡುತ್ತ ಅರ್ಧ ಊರು ಕೈ ಎತ್ತಿತ್ತು.

ಕ್ರಿಸಾಂತಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಅವಳ ಮುಖ ನೋಡಿದ ನನಗೆ, ಇವಳಿಗೆ ಏನೋ ಆಗಿದೆ ಎನಿಸಿತು.

"ಕೈ ಇಳಿಸಿ ಎಲ್ಲಾರೂ," ಎಂದಳು. "ಇವರ ಹೊಲಕ್ಕೆ ಗೊಬ್ಬರ ಹಾಕಿದ್ದು ನಾನು. ಎರಡು ಮೂಟೆ ಯೂರಿಯಾ. ಒಂಬತ್ತು ದಿನ, ಈ ಹುಡುಗಿ ಕೊಟ್ಟ ಮುಚ್ಚಳದಲ್ಲಿ."

ಯಾರೂ ನಂಬಲಿಲ್ಲ. ಹೊಟ್ಟೆಕಿಚ್ಚು ಎಂದು ಹಿಂದಿನಿಂದ ಯಾರೋ ಗೊಣಗಿದರು. ಆಗ ಇಪ್ಪತ್ತು ವರ್ಷಗಳಲ್ಲಿ ಇಪ್ಪತ್ತು ಮಾತೂ ಆಡಿರದ ಲಾದಿಸ್ಲಾವೊ ಡ್ರಮ್ಮಿನ ಹಿಂದಿನಿಂದ ಬಾಯಿಬಿಟ್ಟ.

"ನಿಜ. ಪೆಟ್ಟಿಗೆ ತುಂಬಾ ಚೆಲ್ಲಿತ್ತು. ಆಮೇಲೆ ಎರಡು ಹಬ್ಬದಲ್ಲಿ ಡ್ರಮ್ ಬಾರಿಸ್ದಾಗೆಲ್ಲ ಬಿಳಿ ಪುಡಿ ಹಾರ್ತಿತ್ತು. ಜನ ಅದೂ ಪವಾಡ ಅಂದ್ಕೊಂಡ್ರು."

ಫಿದೆನ್ಸಿಯೊ ಮೆಲ್ಲಗೆ ಕುಳಿತ. ಅವನಿಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ನಿಮ್ಮ ಹೊಲ ಹಳದಿಯಾಗಲು ಬಿಟ್ಟು ನನ್ನ ಹೊಲಕ್ಕೆ ಏಕೆ ಹಾಕಿದಿರಿ ಎಂದು ಕೇಳಿದ. ಅಲ್ಲಿಗೆ ಹಳೆಯ ಕಥೆಯನ್ನೂ ಬಿಚ್ಚಲೇಬೇಕಾಯಿತು. ಬದು ಒಡೆದದ್ದು, ಕಾಲುವೆ, ಹನ್ನೊಂದು ವರ್ಷ, ಎಲ್ಲವನ್ನೂ ಕ್ರಿಸಾಂತಾ ತಲೆ ತಗ್ಗಿಸಿಯೇ ಹೇಳಿದಳು. ಮುಗಿಸುವಷ್ಟರಲ್ಲಿ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಹತ್ತಿರ ಬಂದು ಕೂತಿದ್ದರು.

"ಅಂದ್ರೆ ಹನ್ನೊಂದು ವರ್ಷ ನೀವು ಬೆಳೆದದ್ದು ನನ್ನ ಗೊಬ್ಬರದಲ್ಲಿ," ಎಂದ ಫಿದೆನ್ಸಿಯೊ.

"ನಿಮ್ಮ ಗೊಬ್ಬರ ಅಲ್ಲ ಕೊಂಪಾದ್ರೆ. ನೀವು ಬಿಸಾಕಿದ್ದು."

ಮೊದಲು ನಕ್ಕವಳು ಲಿಯೊಬಾರ್ದಾ. ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗದೆ, ಬೆಂಚಿನಿಂದ ಜಾರಿ ಹುಲ್ಲಿನ ಮೇಲೆ ಕೂತು ನಕ್ಕಳು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ನಗದೆ ಉಳಿದವನು ಫಿದೆನ್ಸಿಯೊ ಒಬ್ಬನೇ. ಅವನು ಎದ್ದು, ಸಂತನನ್ನು ತಂದು ಕ್ರಿಸಾಂತಾಳ ಮಡಿಲಲ್ಲಿಟ್ಟು, ಊಟ ಮಾಡದೆ ಮನೆಗೆ ನಡೆದ.

ಮರುದಿನದಿಂದ ಎರಡು ಹೊಲಗಳ ನಡುವೆ ಸಲಿಕೆಯ ಸದ್ದು ಕೇಳತೊಡಗಿತು. ಒಂದು ತೊಟ್ಟು ನೀರೂ ಆ ಹೆಂಗಸಿನ ಕಡೆ ಹೋಗಬಾರದು ಎಂದು ಫಿದೆನ್ಸಿಯೊ ಬದುವಿನ ಉದ್ದಕ್ಕೂ ಸೊಂಟದಾಳದ ಕಂದಕ ತೋಡುತ್ತಿದ್ದ. ಮೂರು ವಾರ ಯಾರ ಜೊತೆಯೂ ಮಾತಿಲ್ಲ. ಕ್ರಿಸಾಂತಾ ಆ ದಿನಗಳಲ್ಲಿ ದಾರಿಹೋಕರೆಲ್ಲ ನೋಡುತ್ತಿದ್ದಂತೆಯೇ ತನ್ನ ಹೊಲದಲ್ಲಿ ಬಗ್ಗಿ ಮುಚ್ಚಳದಿಂದ ಯೂರಿಯಾ ಹಾಕುತ್ತಿದ್ದಳು. ಹೆಂಗಸರು ನಿಂತು ಚುಡಾಯಿಸುತ್ತಿದ್ದರು: ಸಂತನಿಗೆ ಇವತ್ತು ಕೈ ನೋವೇನು ಕ್ರಿಸಾಂತಾ? ರಜೆ ಹಾಕಿದಾನೆ, ನೀವೇ ಬಂದು ಎರಡು ಸಾಲು ಹಿಡೀರಿ ಎನ್ನುತ್ತಿದ್ದಳು ಅವಳು. ನನ್ನ ಅಣ್ಣನೂ ಗೊಬ್ಬರ ತಂದ. ತಂದದ್ದು ಹಿಂದಿನ ವರ್ಷದ ಅರ್ಧ.

ಕಂದಕ ಮುಗಿದ ವಾರ ಮಾರಿಸೆಲಾ ಬಂದು ನೋಡಿದವಳು ಬೆರಗಾದಳು. ಬಿದ್ದ ಮಳೆಯೆಲ್ಲ ಅದರಲ್ಲಿ ನಿಂತು ಇಂಗುತ್ತಿತ್ತು, ಕೊಚ್ಚಿ ಬಂದ ಒಳ್ಳೆಯ ಮಣ್ಣೆಲ್ಲ ಅಲ್ಲೇ ತಂಗಿತ್ತು. ಈ ಬೆಟ್ಟದಲ್ಲಿ ಇಷ್ಟು ಚೆನ್ನಾಗಿ ನೀರು ನಿಲ್ಲಿಸಿದವರನ್ನು ನಾನು ನೋಡಿಲ್ಲ ಎಂದು ಅವನ ಕೈ ಕುಲುಕಿದಳು. ಬೇರೆ ಊರಿನ ರೈತರನ್ನು ಕರೆತಂದು ತೋರಿಸಬಹುದೇ ಎಂದು ಕೇಳಿದಳು. ಸಿಟ್ಟಿನಲ್ಲಿ ತೋಡಿದ್ದೆಂದು ಫಿದೆನ್ಸಿಯೊ ಹೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ಬಹಳ ವರ್ಷಗಳಿಂದ ಯೋಚಿಸಿ ಮಾಡಿದ ಕೆಲಸ ಇದು ಎಂದ. ಆಗಸ್ಟಿನಲ್ಲಿ ಒಂದು ಬಸ್ಸು ತುಂಬ ರೈತರು ಬಂದರು. ಅವರೆದುರು ಅವನು ಕಂದಕ ತೋರಿಸಿದ. ಆಮೇಲೆ ಜೇಬಿನಿಂದ ಒಂದು ಸೋಡಾ ಮುಚ್ಚಳ ತೆಗೆದು, ಗೊಬ್ಬರವನ್ನು ಹೀಗೆ ಗೇಣು ದೂರದಲ್ಲಿ ಹಾಕಿ ಹೀಗೆ ಮುಚ್ಚಬೇಕು, ಎರಚುವವರು ಶುದ್ಧ ದಡ್ಡರು ಎಂದು ಪಾಠ ಹೇಳಿದ. ಕ್ರಿಸಾಂತಾ ಮುಂದಿನ ಸಾಲಿನಲ್ಲೇ ಕೂತು ಕೇಳುತ್ತಿದ್ದಳು. ನಡುವೆ ಒಮ್ಮೆ ಕೈ ಎತ್ತಿ, ಎರಡನೇ ಕಂತು ಯಾವಾಗ ಹಾಕಬೇಕು ಮೇಷ್ಟ್ರೇ ಎಂದು ವಿನಯದಿಂದ ಕೇಳಿದಳು. ಅವನಿಗೆ ನಗು ಬಂತು. ಊಟದ ದಿನ ಬಾರದ ನಗು ಅವತ್ತು, ಪರ ಊರಿನವರೆದುರು, ಮಾತು ಮುಂದುವರಿಸಲಾಗದಷ್ಟು ಬಂತು.

ಆ ವರ್ಷ ಅವನ ಮನೆಯ ಅಟ್ಟ ತುಂಬಿತು. ಅವಳದ್ದು ಮುಕ್ಕಾಲು ಬಂತು, ತಡವಾಗಿ ಹಾಕಿದ್ದಕ್ಕೆ ಅಷ್ಟು ಬಂದದ್ದೇ ಹೆಚ್ಚು. ಮುಂದಿನ ವಸಂತದಲ್ಲಿ ಇಬ್ಬರೂ ಒಟ್ಟಿಗೇ ಬ್ಯಾಂಡಿನ ಪಿಕಪ್‌ನಲ್ಲಿ ಗೊಬ್ಬರಕ್ಕೆ ಹೋದರು. ಎರಡು ಮೂಟೆ ಸಾಕೆಂದು ಅವಳು, ಮೂರಾದರೂ ಬೇಕೆಂದು ಅವನು, ಬೆಟ್ಟ ಇಳಿಯುವವರೆಗೂ ಬಹುವಚನದಲ್ಲೇ ಜಗಳವಾಡಿದರು. ಲಾದಿಸ್ಲಾವೊ ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತಿದ್ದ.